ಆರತಿ ತಟ್ಟೆಯ ಸುಣ್ಣ

ಆರತಿ ಎತ್ತಲು ನಿಂತ ಹೆಂಗಸು ಆ ಆರತಿಯ ನೀರನ್ನೇ ಎದುರಿಗಿದ್ದವರ ಮುಖಕ್ಕೆ ಎರಚಿದ್ದನ್ನು ನೀವು ಎಂದಾದರೂ ಕಂಡಿದ್ದೀರಾ?

ನಾನು ಕಂಡೆ. ಕಳೆದ ತಿಂಗಳು, ಒಂದು ಭಾನುವಾರ ಮಧ್ಯಾಹ್ನ, ಇದೇ ಕಾಶಿಯ ಬಂಗಾಲಿ ಟೋಲಾದ ಗಲ್ಲಿಯಲ್ಲಿ. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದೆ. ಎರಚಿದವರು ನನಗೆ ಬೇಕಾದವರು. ಎರಚಿಸಿಕೊಂಡವರು ನಿಮಗೆಲ್ಲ ಬೇಕಾದವರು.

ಅದಾದ ಮೇಲೆ ಈ ಅಂಕಣದಲ್ಲಿ ಚಳಿಗಾಲದ ಹಸಿ ಬಟಾಣಿ, ಮಂಜಿಗೆ ಸಿಕ್ಕಿದ ರೈಲು, ನಮ್ಮೂರ ಕರೆಂಟಿನ ಕಣ್ಣಾಮುಚ್ಚಾಲೆ ಅಂತ ಏನೇನೋ ಬರೆದೆ. (ಕೆಲವರು ಫೋನ್ ಮಾಡಿ, "ಏನ್ ಮೇಡಂ, ಈ ನಡುವೆ ಸಪ್ಪೆ" ಅಂದಿರಿ. ನಿಜ, ಸಪ್ಪೆಯೇ.) ಬರೆಯಬೇಕಾದ್ದನ್ನು ಬರೆಯಲು ಕೈ ಏಳುತ್ತಿರಲಿಲ್ಲ. ಈಗ ಬರೆಯುತ್ತಿದ್ದೇನೆ ಅಂದರೆ ಅದಕ್ಕೆ ಗಿರಿಜಕ್ಕನ ಅಪ್ಪಣೆ ಇದೆ. "ಬರಿ. ನಾನೇ ಎರಚಿದ್ದು ಅಂತ ಬರಿ" ಅಂದಿದ್ದಾರೆ. ಹೆಸರುಗಳನ್ನು ಮಾತ್ರ ಬದಲಾಯಿಸಿದ್ದೇನೆ.

ಎರಚಿಸಿಕೊಂಡ ಲೇಖಕಿಗೆ ಹೆಸರೇ ಇಡುವುದಿಲ್ಲ. ಊಹಿಸಲು ಹೋಗಬೇಡಿ. ನಿಮ್ಮ ಮನೆಯ ಕಪಾಟಿನಲ್ಲೂ ಅವರಂಥವರ ಪುಸ್ತಕ ಇರುತ್ತದೆ ಅಂದರೆ ಸಾಕು.

ನಾನು ದಾವಣಗೆರೆಯಲ್ಲಿ ಕಾಲೇಜು ಓದುತ್ತಿದ್ದಾಗ ಅವರ ಕಾದಂಬರಿಯೊಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ನಾಯಕಿ ರೇವತಿ. ಹೊಡೆಯುವ ಗಂಡನ ಮನೆಯಿಂದ ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊರಟೇಬಿಡುತ್ತಾಳೆ. ಹೋಗಿ ಸಾಯುವುದಿಲ್ಲ, ಹಾಳಾಗುವುದಿಲ್ಲ, ಅಳುತ್ತ ವಾಪಸ್ ಬರುವುದೂ ಇಲ್ಲ. ಬದುಕುತ್ತಾಳೆ. ಅಷ್ಟೇ ಕಥೆ. ಅಷ್ಟಕ್ಕೇ ಊರು ಹೊತ್ತಿಕೊಂಡಿತ್ತು! ನಮ್ಮೂರ ಸರ್ಕಲ್ಲಿನಲ್ಲಿ ಆ ವಾರಪತ್ರಿಕೆಯ ಕಟ್ಟುಗಳನ್ನು ಸುಟ್ಟರು. ಸಂಸಾರ ಒಡೆಯುವವಳು ಅಂತ ಲೇಖಕಿಯನ್ನು ಬೈದರು. ನಮ್ಮಮ್ಮ ಮಾತ್ರ ಪ್ರತಿ ವಾರದ ಕಂತನ್ನೂ ಅಡುಗೆಮನೆಯಲ್ಲಿ ನಿಂತೇ ಓದಿ, ಕಣ್ಣೊರೆಸಿಕೊಂಡು, ಹಿಟ್ಟಿನ ಡಬ್ಬಿಯ ಹಿಂದೆ ಸೇರಿಸುತ್ತಿದ್ದಳು.

ಅಂಥ ಲೇಖಕಿ ಕಾಶಿಗೆ ಬರುತ್ತಾರಂತೆ ಅಂತ ಗೊತ್ತಾದಾಗ ನಮ್ಮ ಕನ್ನಡ ಬಳಗ ಸುಮ್ಮನಿರುತ್ತದೆಯೇ?

ಬಳಗ ಅಂದರೆ ದೊಡ್ಡದೇನಲ್ಲ. ವಿಶ್ವವಿದ್ಯಾಲಯದ ಒಂದಷ್ಟು ಮೇಷ್ಟರುಗಳು, ಡಾಕ್ಟರುಗಳು, ರಿಸರ್ಚ್ ಮಾಡುವ ಹುಡುಗ ಹುಡುಗಿಯರು. ಜೊತೆಗೆ ಕೇದಾರ ಘಾಟಿನ ಹಿಂದಿನ ಗಲ್ಲಿಗಳಲ್ಲಿ ತಲೆಮಾರುಗಳಿಂದ ಇರುವ, ನಮ್ಮ ಕಡೆಯ ಯಾತ್ರಿಕರಿಗೆ ಕರ್ಮ ಮಾಡಿಸುವ ಕೆಲವು ಪುರೋಹಿತರ ಮನೆಗಳು. ಮೊದಲನೆಯವರು ಕರೆದ ಕಡೆ ಎರಡನೆಯವರು ಬರುವುದಿಲ್ಲ. ಎರಡನೆಯವರು ಕರೆದ ಕಡೆ ಊಟ ಇದ್ದರೆ ಮೊದಲನೆಯವರು ಬರುತ್ತಾರೆ. ಇಷ್ಟು ಜನಕ್ಕೆ ನಾನು ಕಾರ್ಯದರ್ಶಿ. ಪ್ರಾಣಿಶಾಸ್ತ್ರ ಕಲಿಸುವವಳಿಗೆ ಇದು ತಕ್ಕ ಕೆಲಸ ಅಂತ ನಮ್ಮನೆಯವರ ತಮಾಷೆ.

ನಾನೇ ಪತ್ರ ಬರೆದೆ, ನಾನೇ ಫೋನ್ ಮಾಡಿದೆ. ಅವರು ಒಪ್ಪಿದರು. ಕ್ಯಾಂಪಸ್ಸಿನ ಒಂದು ಹಾಲ್ ಬುಕ್ ಆಯಿತು.

ನನಗಿಂತ ಸಂಭ್ರಮಪಟ್ಟವಳು ವಸುಧಾ. ಕಣ್ಣಿನ ಡಾಕ್ಟರು. ಭೇಲೂಪುರದಲ್ಲಿ ಕ್ಲಿನಿಕ್ಕು, ಅದರ ಮೇಲೇ ಮನೆ. ಹುಬ್ಬಳ್ಳಿಯ ಗಂಡನ ಮನೆಯಿಂದ ಕೈಕೂಸಿನ ಜೊತೆ ಹೊರಟು, ಕೆಲಸ ಸಿಕ್ಕಿದ್ದು ಕಾಶಿಯಲ್ಲಿ ಅಂತ ಕಾಶಿಗೇ ಬಂದವಳು. ಆ ಕೂಸಿನ ಹೆಸರು ರೇವತಿ. ಯಾಕೆ ಅಂತ ಬಿಡಿಸಿ ಹೇಳಬೇಕೆ? "ಅವರನ್ನ ನಮ್ಮನೇಲೇ ಊಟಕ್ಕೆ ಕೂರಿಸ್ಬೇಕು. ಜೋಳದ ರೊಟ್ಟಿ ನಾನೇ ಬಡೀತೀನಿ" ಅಂತ ದಿನಕ್ಕೆರಡು ಸಲ ಹೇಳುತ್ತಿದ್ದಳು.

ಆಮೇಲೆ ಆ ಸಂದರ್ಶನ ಬಂತು.

ಪತ್ರಿಕೆ ಇಲ್ಲಿಗೆ ಅಂಚೆಯಲ್ಲಿ ತಡವಾಗಿ ಬರುತ್ತದೆ. ನಾನು ಬಿಚ್ಚುವ ಹೊತ್ತಿಗೆ ಕರ್ನಾಟಕದಲ್ಲಿ ಗಲಾಟೆ ಶುರುವಾಗಿತ್ತು. ಚಹಾ ಹಿಡಿದು ಓದಲು ಕೂತವಳು ಚಹಾ ಮರೆತೆ. ಲೇಖಕಿ ಹೇಳಿದ್ದು ಇಷ್ಟು: "ಗಂಡನ ಮನೆ ಬಿಟ್ಟು ಬಂದ ಮಗಳಿಗೆ ತವರಿನವರು ಬಾಗಿಲು ತೆಗೆಯಬಾರದು. ಬಾಗಿಲು ತೆರೆದಿದೆ ಅಂತ ಗೊತ್ತಿರುವುದರಿಂದಲೇ ಇವತ್ತಿನ ಹುಡುಗಿಯರಿಗೆ ತಾಳ್ಮೆ ಇಲ್ಲ. ಮುಚ್ಚಿದರೆ ತಾನಾಗಿ ಕಲಿಯುತ್ತಾರೆ."

ಮೊದಲು ಪ್ರಿಂಟಿಂಗ್ ಮಿಸ್ಟೇಕ್ ಅಂದುಕೊಂಡೆ. ಯಾರದೋ ಮಾತು ಯಾರದೋ ಫೋಟೋ ಪಕ್ಕ ಬಿದ್ದಿದೆ ಅಂದುಕೊಂಡೆ. ಇನ್ನೊಮ್ಮೆ ಓದಿದೆ. ಅವರದೇ.

ಫೋನ್ ಬಡಿದುಕೊಂಡಿತು. ವಸುಧಾ.

"ಓದಿದ್ಯಾ?"

"ಓದ್ದೆ."

"ಅವ್ರೇನಾ?"

"ಅವ್ರೇ ಕಣೇ."

"ನಾನು ಬರಲ್ಲ ಮಾರಾಯ್ತಿ. ರೊಟ್ಟಿನೂ ಇಲ್ಲ, ಏನೂ ಇಲ್ಲ" ಅಂದಳು. ಇಟ್ಟುಬಿಟ್ಟಳು.

ಅಲ್ಲಿಂದ ಶುರುವಾಯಿತು ನೋಡಿ ಇಮೇಲ್‌ಗಳ ಮಳೆ. ಲೇಖಕಿಯ ಪುಸ್ತಕ ಕೊಳ್ಳಬೇಡಿ, ಕೊಂಡಿದ್ದರೆ ವಾಪಸ್ ಕಳಿಸಿ, ಸಭೆಗೆ ಕರೆಯಬೇಡಿ, ಕರೆದಿದ್ದರೆ ರದ್ದು ಮಾಡಿ. ನಮ್ಮ ಬಳಗದ ಬಹಿಷ್ಕಾರದ ಮೇಲ್ ಬರೆದವರು ಯಾರು ಗೊತ್ತೇ? ನಮ್ಮನೆಯವರು! ನನ್ನದೇ ಊಟದ ಟೇಬಲ್ಲಿನ ಮೇಲೆ, ನನ್ನದೇ ಕಂಪ್ಯೂಟರಿನಲ್ಲಿ. ಮೆಟಲರ್ಜಿ ಮೇಷ್ಟ್ರು. ಲೇಖಕಿಯ ಒಂದು ಕಾದಂಬರಿಯನ್ನೂ ಓದಿದವರಲ್ಲ. "ಕಾದಂಬರಿ ಬೇಕಿಲ್ಲ. ಈ ಒಂದು ಪುಟ ಸಾಕಲ್ಲ" ಅಂದರು. ಆ ಒಂದು ಪುಟದ ವಿಷಯದಲ್ಲಿ ನನಗೂ ಅವರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಆದರೆ ಟಿಕೆಟ್ ಮಾಡಿಕೊಂಡು ಹೊರಟಿರುವ ವಯಸ್ಸಾದ ಹೆಂಗಸಿಗೆ ಬರಬೇಡಿ ಅನ್ನುವುದು ಹೇಗೆ? ಕರೆದು ನಾಲ್ಕು ಪ್ರಶ್ನೆ ಕೇಳೋಣ ಅಂದೆ. ಯಾರಿಗೂ ಬೇಡವಾಯಿತು. ಹಾಲ್ ಕ್ಯಾನ್ಸಲ್ ಆಯಿತು.

ಆಗ ಬಂತು ಇನ್ನೊಂದು ಫೋನು. ಬಂಗಾಲಿ ಟೋಲಾದ ಶಾಸ್ತ್ರಿಗಳದು. ಗಿರಿಜಕ್ಕನ ಯಜಮಾನರು.

"ನಿಮ್ಮ ಕ್ಯಾಂಪಸ್ಸಿನವರಿಗೆ ಬೇಡಾದ್ರೆ ಬೇಡ ತಾಯಿ. ನಮ್ಮ ಯಾತ್ರಿಗಳು ಊಟಕ್ಕೆ ಕೂರೋ ಹಾಲಿದೆ. ಅಲ್ಲೇ ಸಭೆ ಮಾಡೋಣ. ಅಂಥ ಒಳ್ಳೆ ಮಾತಾಡಿದ್ದಾರೆ, ಶಾಲು ಹೊದಿಸ್ತೀನಿ, ಹಾರ ಹಾಕ್ತೀನಿ. ಪೂರ್ಣಕುಂಭ, ಆರತಿ, ಸಬ್ ಕುಛ್!"

ಇದೇ ಶಾಸ್ತ್ರಿಗಳ ಮನೆಯಲ್ಲಿ ಒಂದು ಕಾಲಕ್ಕೆ ಆ ಕಾದಂಬರಿ ಹೊಸಿಲು ದಾಟುವಂತಿರಲಿಲ್ಲ ಅಂತ ಗಿರಿಜಕ್ಕ ನಗುತ್ತ ನನಗೆ ಹೇಳಿದ್ದರು. ಈಗ ನೋಡಿ. ಅಂದು ಸುಟ್ಟವರು ಹಾರ ಹಿಡಿದರು. ಅಂದು ಎದೆಗೆ ಒತ್ತಿಕೊಂಡವರು ಬಾಗಿಲು ಹಾಕಿಕೊಂಡರು. ಎರಡು ಗುಂಪೂ ಜಾಗ ಬದಲಾಯಿಸಿ ಕೂತವು, ಮಕ್ಕಳ ಕುರ್ಚಿ ಆಟದ ಹಾಗೆ.

ನಾನು ಹ್ಞೂಂ ಅಂದೆ. ಬೇರೆ ದಾರಿ ಏನಿತ್ತು?

ಭಾನುವಾರ ಕಂಟೋನ್ಮೆಂಟಿನ ಹೋಟೆಲ್ಲಿಗೆ ಹೋಗಿ ಅವರನ್ನು ಕರೆದುಕೊಂಡು ಬಂದೆ. ತೆಳ್ಳಗಿನ ಮೈ, ಬಿಳಿ ಕೂದಲು, ಹಸಿರು ಅಂಚಿನ ಕಾಟನ್ ಸೀರೆ. ಟ್ಯಾಕ್ಸಿಯಲ್ಲಿ ಅವರೇ ಕೇಳಿದರು.

"ಜನ ಬರ್ತಾರೇನಮ್ಮ?"

"ಬರ್ತಾರೆ. ಯಾರು ಅಂತ ಮಾತ್ರ ಗೊತ್ತಿಲ್ಲ."

ನಕ್ಕರು. ಧೈರ್ಯ ಮಾಡಿ ಕೇಳಿದೆ, "ಆ ಸಂದರ್ಶನ... ನೀವು ಹೇಳಿದ್ದು ಅದೇನಾ?"

"ತಿರುಚಿ ಬರೆದಿದ್ದಾರೆ ಅಂತ ನಾನು ಹೇಳಲಿ ಅಂತ ಆಸೇನಾ ನಿಮಗೆ?" ಅಂದರು. "ಹೇಳಿದ್ದು ನಾನೇ. ಒಂದಕ್ಷರ ಆಚೀಚೆ ಆಗಿಲ್ಲ."

ಸೋನಾರ್‌ಪುರಾದಲ್ಲಿ ಟ್ಯಾಕ್ಸಿ ಇಳಿದೆವು.

ಅಲ್ಲಿಂದ ಮುಂದಕ್ಕೆ ಗಲ್ಲಿ, ನಡೆದೇ ಹೋಗಬೇಕು. ಗಲ್ಲಿಯ ಬಾಯಲ್ಲಿ ನಮ್ಮನೆಯವರೂ ಒಂದಷ್ಟು ರಿಸರ್ಚ್ ಹುಡುಗಿಯರೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ನಿಂತಿದ್ದರು. ಘೋಷಣೆ ಇಲ್ಲ, ಕೂಗಿಲ್ಲ. ಪಾಪ, ಸಾಲಾಗಿ ನಿಂತಿದ್ದರು ಅಷ್ಟೆ. ಲೇಖಕಿ ಅವರಿಗೆ ಕೈ ಮುಗಿದರು. ನಮ್ಮನೆಯವರೂ ಅಭ್ಯಾಸಬಲದಿಂದ ಕೈ ಮುಗಿದುಬಿಟ್ಟರು! ಅವರಿಂದ ಸ್ವಲ್ಪ ದೂರದಲ್ಲಿ, ಪಾನ್ ಅಂಗಡಿಯ ಪಕ್ಕ, ವಸುಧಾ ನಿಂತಿದ್ದಳು. ತೋಳಿಗೆ ಪಟ್ಟಿ ಇರಲಿಲ್ಲ. ಬರಲ್ಲ ಅಂದವಳು ಬಂದಿದ್ದಳು. ನಾವು ಮುಂದೆ ಹೋದ ಮೇಲೆ ಹಿಂದೆಯೇ ಬಂದಳು.

ಶಾಸ್ತ್ರಿಗಳ ಮನೆಯ ಬಾಗಿಲಿಗೆ ಚೆಂಡುಹೂವಿನ ತೋರಣ. ಹೊಸಿಲ ಆಚೆ ಗಿರಿಜಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅರಿಶಿನಕ್ಕೆ ಸುಣ್ಣ ಕದಡಿ ಮಾಡುವ ಕೆಂಪು ನೀರಿನ ಆರತಿ ಗೊತ್ತಲ್ಲ, ಅದು. ಗಿರಿಜಕ್ಕ ಎಂಥವರು ಅಂತ ಹೇಳಬೇಕು. ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಊರಿಂದ ಬಂದ ಯಾತ್ರಿಕರಿಗೆ ಎಷ್ಟು ಹೊತ್ತಿಗಾದರೂ ಸಾರು ಅನ್ನ ಬಡಿಸುವವರು. ನನಗೆ ಟೈಫಾಯ್ಡ್ ಆದಾಗ ಬಂದು ಗಂಜಿ ಕಾಯಿಸಿ ಕುಡಿಸಿದವರು.

ಶಾಸ್ತ್ರಿಗಳು ಮಂತ್ರ ಶುರುಮಾಡಿದರು. ಗಿರಿಜಕ್ಕ ಒಂದು ಸುತ್ತು ಆರತಿ ಎತ್ತಿದರು. ಲೇಖಕಿಯ ಮುಖವನ್ನೇ ನೋಡುತ್ತಿದ್ದರು. ಲೇಖಕಿ ಮುಗುಳ್ನಕ್ಕರು.

ತಟ್ಟೆ ನಿಂತಿತು. ಮರುಕ್ಷಣ ಆ ಕೆಂಪು ನೀರೆಲ್ಲ ಲೇಖಕಿಯ ಮುಖದ ಮೇಲಿತ್ತು.

ತಟ್ಟೆ ಕಲ್ಲಿನ ಮೇಲೆ ಬಿದ್ದು ಠಣ್ಣೆಂದಿತು. ಶಾಸ್ತ್ರಿಗಳ ಬಾಯಲ್ಲಿ ಮಂತ್ರ ಅರ್ಧಕ್ಕೆ ಕಡಿಯಿತು. ನಾನು ಏನು ಮಾಡಿದೆ? ಏನೂ ಇಲ್ಲ. ಕಂಬದ ಹಾಗೆ ನಿಂತಿದ್ದೆ. ಯಾರೋ "ರಕ್ತ, ರಕ್ತ" ಅಂತ ಕೂಗಿದರು. ಲೇಖಕಿ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು, "ಉರೀತಾ ಇದೆ" ಅಂದರು. ಸಣ್ಣ ದನಿಯಲ್ಲಿ, ಮಗುವಿನ ಹಾಗೆ.

ಎಲ್ಲರನ್ನೂ ತಳ್ಳಿಕೊಂಡು ಬಂದವಳು ವಸುಧಾ. "ಸುಣ್ಣ! ಕಣ್ಣಿಗೆ ಸುಣ್ಣ ಬಿದ್ದಿದೆ! ನೀರು ತನ್ನಿ!"

ಹಾಲಿನಲ್ಲಿದ್ದ ಯಾತ್ರಿಕರೊಬ್ಬರು ಗಡಿಬಿಡಿಯಲ್ಲಿ ತಮ್ಮ ಗಂಗೆಯ ಗಿಂಡಿಯನ್ನೇ ಚಾಚಿದರು.

"ಗಂಗಾಜಲ ಬೇಡ ರೀ! ಕುಡಿಯೋ ನೀರು ತನ್ನಿ, ಬಿಂದಿಗೆಗಟ್ಟಲೆ ತನ್ನಿ!"

ಆ ಹೊಸಿಲ ಮೇಲೇ ಲೇಖಕಿಯನ್ನು ಮಲಗಿಸಿ, ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳಿಂದ ರೆಪ್ಪೆ ಅಗಲಿಸಿ ನೀರು ಸುರಿಯುತ್ತಲೇ ಹೋದಳು. ತಂಬಿಗೆ ತಂಬಿಗೆ. ಬಿಂದಿಗೆ ಬಿಂದಿಗೆ. ಅವಳ ಸೀರೆಯೆಲ್ಲ ಕೆಂಪಾಯಿತು. ಲೇಖಕಿ ಒದ್ದಾಡಿದರೆ "ಅಲ್ಲಾಡಬೇಡಿ" ಅಂತ ಗದರಿದಳು. ಗಿರಿಜಕ್ಕ ಗೋಡೆಗೊರಗಿ ನಿಂತು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು.

ಭೇಲೂಪುರ ದೂರವೇನಿಲ್ಲ. ರಿಕ್ಷಾ ಮಾಡಿ ಕ್ಲಿನಿಕ್ಕಿಗೆ ಕರೆದೊಯ್ದೆವು. ವಸುಧಾ ರೆಪ್ಪೆ ಮಗುಚಿ, ಒಳಗೆ ಅಂಟಿಕೊಂಡಿದ್ದ ಸುಣ್ಣದ ಚೂರುಗಳನ್ನು ಒಂದೊಂದಾಗಿ ತೆಗೆದಳು. ಬಲಗಣ್ಣಿಗೆ ಹೆಚ್ಚೇನೂ ಆಗಿರಲಿಲ್ಲ. ಎಡಗಣ್ಣು ಚೆನ್ನಾಗಿಯೇ ಸುಟ್ಟಿತ್ತು. ಔಷಧಿ ಹಾಕಿ ಪಟ್ಟಿ ಕಟ್ಟಿದಳು. "ಉಳಿಯುತ್ತೆ" ಅಂದಳು.

"ದೊಡ್ಡ ಉಪಕಾರ ಆಯ್ತು ಡಾಕ್ಟ್ರೇ," ಅಂದರು ಲೇಖಕಿ. "ಮಕ್ಕಳೆಷ್ಟು ನಿಮಗೆ?"

"ಒಬ್ಬಳು. ರೇವತಿ."

ಲೇಖಕಿ ವಸುಧಾಳ ಕಡೆ ಮುಖ ತಿರುಗಿಸಿದರು. ಅವರ ಓದುಗರಲ್ಲಿ ಎಷ್ಟು ಜನ ಮಕ್ಕಳಿಗೆ ಆ ಹೆಸರಿಟ್ಟಿದ್ದಾರೋ ಏನೋ. ಅರ್ಥವಾಯಿತು ಅಂತ ಕಾಣುತ್ತದೆ.

"ನನ್ನ ಪುಸ್ತಕ ಓದಿ ಗಂಡನ್ನ ಬಿಟ್ರಾ?"

"ಇಲ್ಲ. ಬಿಡಬೇಕು ಅಂತ ಅವನ ಕೈಯೇ ಹೇಳಿಕೊಟ್ಟಿತ್ತು. ಬಿಟ್ಟ ಮೇಲೂ ಬದುಕಿರಬಹುದು ಅಂತ ನೀವು ಹೇಳಿದ್ರಿ." ವಸುಧಾ ಕೈ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದಳು, "ಈಗ ಯಾಕೆ ಹೀಗಂದ್ರಿ?"

ಲೇಖಕಿ ಹೇಳಿದರು.

"ನನ್ನ ಮಗಳು ಬಂದಾಗ ನಾನು ಬಾಗಿಲು ತೆಗೆದೆ ಕಣಮ್ಮ. ಮೊದಲ ಸಲ ಜಗಳ ಆಡ್ಕೊಂಡು ಬಂದಾಗಲೇ, ಏನು ಎತ್ತ ಅಂತ ಕೇಳದೆ ತೆಗೆದೆ. ರೇವತಿ ಕಥೆ ಬರೆದವಳಿಗೆ ತಕ್ಕ ತಾಯಿ ಅನ್ನಿಸ್ಕೋಬೇಕಿತ್ತಲ್ಲ. ಕೋರ್ಟಲ್ಲಿ ಮಗು ಅವಳ ಗಂಡನ ಪಾಲಾಯ್ತು. ಈಗ ಮೊಮ್ಮಗ ರಸ್ತೇಲಿ ಕಂಡ್ರೂ ಗುರುತು ಹಿಡಿಯಲ್ಲ. ಮಗಳು ನನ್ನ ಹತ್ರ ಮಾತಾಡಲ್ಲ. ನೀನು ಬಾಗಿಲು ಹಾಕಿದ್ರೆ ನಾನು ಹೊಂದ್ಕೋತಿದ್ದೆ ಅಂದಳು."

ಇದನ್ನು ಸಂದರ್ಶನದಲ್ಲಿ ಯಾಕೆ ಹೇಳಲಿಲ್ಲ? ನಾನು ಕೇಳಲಿಲ್ಲ. ಅಷ್ಟರಲ್ಲಿ ಬಾಗಿಲ ಬಳಿ ಗಿರಿಜಕ್ಕ ಬಂದು ನಿಂತಿದ್ದರು. ಒಬ್ಬರೇ, ನಡೆದುಕೊಂಡು ಬಂದಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಕಣ್ಣು ಕಾಣುತ್ತಾ?" ಅಂದರು.

"ಕಾಣುತ್ತೆ," ಅಂದಳು ವಸುಧಾ.

ಗಿರಿಜಕ್ಕ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಅತ್ತರು. ಆಮೇಲೆ ಹೇಳಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅವರ ಒಬ್ಬಳೇ ಮಗಳು ಚಿತ್ರಾಳನ್ನು ಅಲಹಾಬಾದಿಗೆ ಕೊಟ್ಟಿದ್ದಾರೆ. ನಮ್ಮ ಕನ್ನಡದವರದೇ ಮನೆ. ಮದುವೆಗೆ ನಾವೆಲ್ಲ ಹೋಗಿದ್ದೆವು. ಆ ಹುಡುಗಿ ದಸರಾ ಕಳೆದ ಮೇಲೆ ಓಡಿಬಂದಿದ್ದಳಂತೆ. ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟ ಗುರುತು. ತಾಯಿ ಒಳಗೆ ಕರೆದುಕೊಂಡು, ಮುಲಾಮು ಹಚ್ಚಿ, ಕಳಿಸಲ್ಲ ಅಂತ ಹಟ ಹಿಡಿದರು. ಶಾಸ್ತ್ರಿಗಳೂ ಮೆತ್ತಗಾಗಿದ್ದರು. ಆಗ ಯಾರೋ ಯಾತ್ರಿಕರು ಬಿಟ್ಟುಹೋದ ಪತ್ರಿಕೆ ಅವರ ಕೈಗೆ ಬಿತ್ತು.

"ಎಲ್ಲರ ಎದುರಿಗೆ ಓದಿದ್ರು. ನೋಡೇ, ಸಂಸಾರ ಬಿಡಿ ಅಂತ ಬರೆದಾಕೆಗೇ ಈಗ ಬುದ್ಧಿ ಬಂದಿದೆ, ತವರಿನವರು ಬಾಗಿಲು ತೆಗೀಬಾರದು ಅಂತಾಳೆ, ನೀನ್ಯಾವ ದೊಡ್ಡ ಮನುಷ್ಯಳು ಅಂದ್ರು. ನಾನೇನು ಹೇಳ್ಲಿ? ನಾನು ಓದಿದವಳಲ್ಲ. ಮರುದಿನ ಬೆಳಿಗ್ಗೆ ಅವರೇ ರೈಲು ಹತ್ತಿಸಿ ಬಿಟ್ಟು ಬಂದ್ರು. ನನ್ನ ಬಿಟಿಯಾ ತಿರುಗಿ ಕೂಡ ನೋಡ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಆರತಿ ಎತ್ತುವಾಗಲೂ ಎರಚ್ತೀನಿ ಅಂತ ಇರ್ಲಿಲ್ಲ ಅಮ್ಮಾ. ದೇವರಾಣೆ. ನೀವು ನಕ್ಕಿರಲ್ಲ..."

ಲೇಖಕಿ ಮುಂದಕ್ಕೆ ಬಾಗಿದರು. "ಸುಟ್ಟಿದ್ರಾ? ಸುಟ್ಟು ಬಂದವಳನ್ನ ಕಳಿಸಿದ್ರಾ? ನಾನು... ಅಂಥವರ ಬಗ್ಗೆ ಹೇಳಿದ್ದಲ್ಲ. ಸಣ್ಣಪುಟ್ಟ ಜಗಳಕ್ಕೆ ಬರ್ತಾರಲ್ಲ, ಅವರ ಬಗ್ಗೆ..."

"ಅದನ್ನ ಅಲ್ಲಿ ಬರೆದಿರ್ಲಿಲ್ಲವಲ್ಲಮ್ಮ," ಅಂದರು ಗಿರಿಜಕ್ಕ.

ಇಷ್ಟು ಮೆತ್ತಗಿನ ದನಿಯಲ್ಲಿ ಇಷ್ಟು ದೊಡ್ಡ ಏಟನ್ನು ನಾನು ಬೇರೆ ಕಂಡಿಲ್ಲ.

ಶಾಸ್ತ್ರಿಗಳು ಬಂದರು. ಕೈಯಲ್ಲಿ ಆ ಶಾಲು! ಕ್ಷಮಿಸಬೇಕು, ನನ್ನ ಹೆಂಡತಿಗೆ ತಲೆ ಸರಿ ಇಲ್ಲ, ಅಂತ ಕೈ ಮುಗಿದರು. ಲೇಖಕಿ ಒಂದೇ ಕಣ್ಣಿನಲ್ಲಿ ಅವರನ್ನು ನೋಡಿದರು.

"ಶಾಲು ಬೇಡ. ಮೊದಲು ಹೋಗಿ ಮಗಳನ್ನ ಕರ್ಕೊಂಡು ಬನ್ನಿ."

"ಅದು ಹೇಗಾಗುತ್ತೆ? ನೀವೇ ಹೇಳಿದ್ರಲ್ಲ!"

"ನಾನೇ ಈಗ ಹೇಳ್ತಿದ್ದೀನಿ, ಕರ್ಕೊಂಡು ಬನ್ನಿ."

ಶಾಸ್ತ್ರಿಗಳು ಮರುಕದಿಂದ ನಕ್ಕರು. "ಹೆದರಿದ್ದೀರಿ ತಾಯಿ. ಸಹಜ. ಆದ್ರೆ ನೆಟ್ಟಗಿದ್ದಾಗ ಹೇಳಿದ್ದೇ ನಿಮ್ಮ ನಿಜವಾದ ಮಾತು. ನಾನು ಅದನ್ನೇ ನಂಬೋದು."

ಲೇಖಕಿ ಅವರ ಕೈಯ ಶಾಲನ್ನು ಹಿಂದಕ್ಕೆ ತಳ್ಳಿದರು.

ಪೊಲೀಸಿನವರೂ ಬಂದರು. ಯಾರು ಹೇಳಿದರೋ! "ಆರತಿ ತಟ್ಟೆ ಕೈ ಜಾರಿತು. ಕಂಪ್ಲೇಂಟ್ ಇಲ್ಲ" ಅಂತ ಲೇಖಕಿ ಹರುಕುಮುರುಕು ಹಿಂದಿಯಲ್ಲಿ ಹೇಳಿ ಕಳಿಸಿದರು. ಮರುದಿನ ವಿಮಾನ ಹತ್ತಿದರು.

ಅದೇ ದಿನ ನಾವು ಮೂವರು, ಗಿರಿಜಕ್ಕ, ವಸುಧಾ, ನಾನು, ಅಲಹಾಬಾದಿಗೆ ಹೋದೆವು. ಕಾರು ನಮ್ಮದು. ಡ್ರೈವ್ ಮಾಡಿದವರು ನಮ್ಮನೆಯವರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. (ಇದು ದಾಖಲೆ.)

ಬಾಗಿಲು ತೆಗೆದವಳು ಚಿತ್ರಾಳೇ. ಮದುವೆಯಲ್ಲಿ ಕಂಡ ಹುಡುಗಿ ಇವಳೇನಾ ಅನ್ನಿಸಿತು. ಹಿಂದೆಯೇ ಬಂದ ಅತ್ತೆ, "ಬೀಗರು ಫೋನ್ ಮಾಡದೆ ಬಂದ್ರಲ್ಲ" ಅಂತ ಮೂತಿ ತಿರುವಿದರು. ಗಿರಿಜಕ್ಕ ಆಕೆಯ ಕಡೆ ನೋಡಲೂ ಇಲ್ಲ. "ಹೊರಡು ಮಗಾ" ಅಂದರು.

ಚಿತ್ರಾ ಕದಲಲಿಲ್ಲ. ಕಾಶಿಯಲ್ಲೇ ಹುಟ್ಟಿ ಬೆಳೆದವಳು, ಅವಳಿಗೆ ಕನ್ನಡಕ್ಕಿಂತ ಹಿಂದಿ ಹತ್ತಿರ. "ಬಾಬೂಜಿ ಫಿರ್ ಛೋಡ್ ಆಯೇಂಗೇ," ಅಂದಳು. ಅಪ್ಪ ಮತ್ತೆ ತಂದು ಬಿಟ್ಟುಹೋಗ್ತಾರೆ. "ಈ ಸಲ ವಾಪಸ್ ಬಂದ್ರೆ ಇವ್ರು ನನ್ನ ಕೊಂದೇಬಿಡ್ತಾರೆ ಅಮ್ಮಾ."

ಅದನ್ನು ಅವಳು ಅಳುತ್ತ ಹೇಳಲಿಲ್ಲ. ನಾಳೆ ಮಳೆ ಬರಬಹುದು ಅನ್ನುವ ಹಾಗೆ ಹೇಳಿದಳು.

"ಅಪ್ಪನ ಮನೆಗಲ್ಲ. ನಮ್ಮನೆಗೆ," ಅಂದಳು ವಸುಧಾ. ಉಟ್ಟ ಬಟ್ಟೆಯಲ್ಲೇ ಅವಳ ಕೈ ಹಿಡಿದು ಮೆಟ್ಟಿಲು ಇಳಿಸಿದಳು. ಆ ಹೊತ್ತಿಗೆ ಒಳಗಿಂದ ಗಂಡನ ದನಿ ಕೇಳಿತು. ನಮ್ಮನೆಯವರು ಕಾರಿನಿಂದಿಳಿದು ಮೆಟ್ಟಿಲಿಗೆ ಅಡ್ಡವಾಗಿ ನಿಂತರು. ಆ ಮನುಷ್ಯ ಇಳಿದು ಬರಲಿಲ್ಲ.

ಚಿತ್ರಾ ಈಗ ಭೇಲೂಪುರದಲ್ಲಿ ವಸುಧಾಳ ಮನೆಯಲ್ಲಿದ್ದಾಳೆ. ವಕೀಲರನ್ನು ನೋಡಿಯಾಗಿದೆ. ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಾಳೆ, ಸಂಜೆ ರೇವತಿಯ ಜೊತೆ ಟೀವಿ ನೋಡುತ್ತಾಳೆ. ಯಾರಾದರೂ ಜೋರಾಗಿ ಬಾಗಿಲು ತಟ್ಟಿದರೆ ಈಗಲೂ ಒಳಗೆ ಓಡುತ್ತಾಳೆ. ಶಾಸ್ತ್ರಿಗಳು ಮಗಳ ಹೆಸರೆತ್ತುವುದಿಲ್ಲ. ಗಿರಿಜಕ್ಕ ದಿನಾ ಮಧ್ಯಾಹ್ನ ಡಬ್ಬಿ ಹಿಡಿದು ಹೋಗಿಬರುತ್ತಾರೆ. ಹೋಗಬೇಡ ಅನ್ನುವ ಧೈರ್ಯ ಯಜಮಾನರಿಗೆ ಬಂದಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಕರ್ನಾಟಕದ ಪತ್ರಿಕೆಯಲ್ಲಿ ದೊಡ್ಡದಾಗಿ ಬಂತು: ಕಾಶಿಯಲ್ಲಿ ಲೇಖಕಿಯ ಮೇಲೆ ಹಲ್ಲೆ, ಬಹಿಷ್ಕಾರಕ್ಕೆ ಕರೆಕೊಟ್ಟವರ ಕೃತ್ಯ. ಪ್ರೊಫೆಸರೊಬ್ಬರ ಕೈವಾಡ! ಗಲ್ಲಿಯ ಬಾಯಲ್ಲಿ ಕಪ್ಪು ಪಟ್ಟಿ ಕಟ್ಟಿಕೊಂಡು ಕೈ ಮುಗಿದ ನಮ್ಮನೆಯವರು ರಾತ್ರಿ ಬೆಳಗಾಗುವುದರಲ್ಲಿ ಗೂಂಡಾ ಆಗಿದ್ದರು. ಗುರುತಿಲ್ಲದವರೆಲ್ಲ ಫೋನ್ ಮಾಡಿ ಬೈದರು. ಲೇಖಕಿಯ ಪರವಾಗಿ ಒಂದು ಹೇಳಿಕೆ, ಅದಕ್ಕೆ ಸಾಲುಗಟ್ಟಿ ಸಹಿ. ವಿರುದ್ಧವಾಗಿ ಇನ್ನೊಂದು, ಅದಕ್ಕೂ ಸಾಲುಗಟ್ಟಿ ಸಹಿ. "ಚೆನ್ನಾಗೇ ಆಯ್ತು ಮುದುಕಿಗೆ, ಎರಡೂ ಕಣ್ಣು ಹೋಗಬೇಕಿತ್ತು" ಅಂತ ನನಗೆ ಮೇಲ್ ಮಾಡಿದವರು ಒಬ್ಬ ಕವಿ. (ಪ್ರೀತಿಯ ಬಗ್ಗೆ ಬರೆಯುತ್ತಾರೆ.)

ಸಿಟ್ಟು ತಡೆಯದೆ ಲೇಖಕಿಗೆ ಫೋನ್ ಮಾಡಿದೆ. "ಇದು ಸುಳ್ಳು ಅಂತ ನಿಮಗೆ ಗೊತ್ತಲ್ಲ? ಯಾಕೆ ಸುಮ್ಮನಿದ್ದೀರಿ?"

"ನಿಜ ಹೇಳಿದ್ರೆ ಗಿರಿಜಮ್ಮನ ಹೆಸರು ಬರುತ್ತೆ," ಅಂದರು. "ಆ ಮನೇಲೇ ಆಕೆ ಬಾಳಬೇಕಲ್ಲ. ನಿಮ್ಮವರು ಪ್ರೊಫೆಸರು, ತಡ್ಕೋತಾರೆ ಬಿಡಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಸಂದರ್ಶನದ ಮಾತು ಹಿಂತೆಗೆದುಕೊಂಡು ಬರೀತೀರಾ?"

"ಕೂತ್ಕೋತೀನಿ, ಪೆನ್ನು ಹಿಡೀತೀನಿ. ನನ್ನ ಮಗಳಿಗೆ ಬಾಗಿಲು ತೆಗೆದದ್ದು ತಪ್ಪು ಅಂತ ಇವತ್ತಿಗೂ ಅನ್ಸುತ್ತೆ. ಚಿತ್ರಾಗೆ ಬಾಗಿಲು ಹಾಕಿದ್ದು ತಪ್ಪು ಅಂತ ಗೊತ್ತು. ಎರಡನ್ನೂ ಸೇರಿಸಿ ಒಂದು ವಾಕ್ಯ ಬರೆಯೋಕೆ ಆಗ್ತಿಲ್ಲ ಕಣಮ್ಮ." ಆಮೇಲೆ ಕೇಳಿದರು. "ಚಿತ್ರಾ ಹೇಗಿದ್ದಾಳೆ? ಬೆನ್ನಿನ ಗಾಯ ಮಾಯ್ತಾ? ಊಟ ಸರಿಯಾಗಿ ಮಾಡ್ತಾಳಾ?"

ಗಿರಿಜಕ್ಕನಿಗೆ ಇದನ್ನೆಲ್ಲ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ಬರಿ. ನಾನೇ ಎರಚಿದ್ದು ಅಂತ ಬರಿ. ಇನ್ನು ಯಾರ ಭಯ ನನಗೆ?" ಅಂದದ್ದು ಆಗಲೇ.

ಬರೆದಿದ್ದೇನೆ. ಲೇಖಕಿ ಆಡಿದ ಮಾತನ್ನು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಆ ಮಾತು ಒಬ್ಬ ಹುಡುಗಿಯನ್ನು ಎಲ್ಲಿಗೆ ತಲುಪಿಸಿತು ಅಂತ ಕಣ್ಣಾರೆ ಕಂಡಿದ್ದೇನೆ. ಆದರೆ ಪರವಾಗಿ ಸಹಿ ಹಾಕಿದವರು, ವಿರುದ್ಧ ಸಹಿ ಹಾಕಿದವರು, ಬೈದವರು, ಹೊಗಳಿದವರು, ಇಷ್ಟು ಜನರಲ್ಲಿ ಆ ಹುಡುಗಿ ಹೇಗಿದ್ದಾಳೆ ಅಂತ ನನ್ನನ್ನು ಕೇಳಿದವರು ಅವರೊಬ್ಬರೇ. ಅವರನ್ನು ಬಹಿಷ್ಕರಿಸಿ ಅಂತ ಇವತ್ತೂ ಒಂದು ಮೇಲ್ ಬಂದಿದೆ.

ಹೇಳಿ, ನಾನು ಯಾರನ್ನು ಬಹಿಷ್ಕರಿಸಲಿ?